ಕಂತಿನ ಮೇಲೊಂದಿಷ್ಟು

ಮನೆ ಸಾಲ ಮಾಡಿದವರನ್ನು ‘ಸಾಲ ಎಷ್ಟಿದೆ’ ಎಂದು ಕೇಳಿದರೆ ಬಹುಮಂದಿ ತಿಂಗಳ ಕಂತಿನ ಮೊತ್ತವನ್ನು ಹೇಳುತ್ತಾರೆ. ಅಸಲು ಎಷ್ಟು ಬಾಕಿ ಇದೆ, ಕಳೆದ ವರ್ಷ ಕಟ್ಟಿದ್ದರಲ್ಲಿ ಬಡ್ಡಿಗೆ ಹೋದದ್ದೆಷ್ಟು ಎಂಬುದು ಬಾಯಲ್ಲಿರುವುದು ಅಪರೂಪ. ಇದರಲ್ಲಿ ಆಶ್ಚರ್ಯವೇನಿಲ್ಲ. ಕಂತು ಸಂಬಳದ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ, ಉಳಿದ ಹಣದಲ್ಲಿ ಮನೆ ನಡೆಯುತ್ತದೆ, ಇಪ್ಪತ್ತು ವರ್ಷ ಎಂದು ಬ್ಯಾಂಕ್ ಬರೆದುಕೊಟ್ಟ ಅವಧಿಯನ್ನು ನಾವು ಬದಲಾಗದ ಸಂಗತಿ ಎಂದು ಒಪ್ಪಿಕೊಂಡುಬಿಡುತ್ತೇವೆ. ಆದರೆ ಆ ಇಪ್ಪತ್ತು ವರ್ಷ ಬ್ಯಾಂಕ್ ನಮಗೆ ಕೊಟ್ಟಿರುವ ಕಡೆಯ ಗಡುವು ಮಾತ್ರ. ಅದಕ್ಕೆ ಮೊದಲೇ ಸಾಲ ತೀರಿಸಬಾರದೆಂದು ಯಾವ ಕರಾರೂ ಹೇಳುವುದಿಲ್ಲ. ಸಾಮಾನ್ಯ ಸಂಬಳದ ಕುಟುಂಬವೊಂದು ಕಂತಿನ ಮೇಲೆ ಸಣ್ಣ ಮೊತ್ತವನ್ನು, ಸಾಲದ ಮೊದಲ ವರ್ಷಗಳಿಂದಲೇ, ತಪ್ಪದೆ ಕಟ್ಟುತ್ತ ಬಂದರೆ ಅದಕ್ಕಿಂತ ಭದ್ರವಾದ ಹೂಡಿಕೆ ಆ ಕುಟುಂಬಕ್ಕೆ ಸುಲಭವಾಗಿ ಸಿಗುವುದಿಲ್ಲ ಎಂಬುದು ಇವತ್ತಿನ ನನ್ನ ವಾದ. ಇದಕ್ಕೆ ಆಕ್ಷೇಪಗಳಿವೆ, ಕೆಲವು ತೂಕದವೂ ಹೌದು. ಅವನ್ನೂ ನೋಡೋಣ.

ಮೊದಲು ಲೆಕ್ಕ. ಮೂವತ್ತು ಲಕ್ಷ ರೂಪಾಯಿ ಸಾಲ, ಶೇ. 8.5 ಬಡ್ಡಿ, 20 ವರ್ಷದ ಅವಧಿ ಎಂದಿಟ್ಟುಕೊಳ್ಳಿ. ತಿಂಗಳ ಕಂತು 26,035 ರೂಪಾಯಿ ಆಗುತ್ತದೆ. ಮೊದಲ ತಿಂಗಳ ಈ ಕಂತಿನಲ್ಲಿ 21,250 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲಿನಿಂದ ಕಳೆಯುವುದು 4,785 ರೂಪಾಯಿ ಮಾತ್ರ. ಇದರಲ್ಲಿ ಬ್ಯಾಂಕಿನ ಮೋಸವೇನೂ ಇಲ್ಲ. ಬಡ್ಡಿ ಬೀಳುವುದು ಬಾಕಿ ಅಸಲಿನ ಮೇಲೆ. ಮೊದಲ ದಿನಗಳಲ್ಲಿ ಅಸಲು ಪೂರ್ತಿ ಬಾಕಿ ಇರುವುದರಿಂದ ಬಡ್ಡಿಯ ಪಾಲೂ ದೊಡ್ಡದು. ಐದು ವರ್ಷ ಕಳೆಯುವಷ್ಟರಲ್ಲಿ ನೀವು ಹದಿನೈದೂವರೆ ಲಕ್ಷಕ್ಕೂ ಹೆಚ್ಚು ಕಟ್ಟಿರುತ್ತೀರಿ, ಆದರೆ ಬಾಕಿ ಇನ್ನೂ 26 ಲಕ್ಷದ 44 ಸಾವಿರ ಇರುತ್ತದೆ. ಅರ್ಧ ಅವಧಿ, ಅಂದರೆ ಹತ್ತು ವರ್ಷ ಮುಗಿದಾಗ ಅರ್ಧ ಸಾಲ ತೀರಿರಬೇಕು ಎಂದು ಮನಸ್ಸು ಹೇಳುತ್ತದೆ. ಆಗಲೂ 21 ಲಕ್ಷ ಬಾಕಿ. ಅಸಲು ಅರ್ಧಕ್ಕೆ ಇಳಿಯುವುದು ಸುಮಾರು ಹದಿನಾಲ್ಕನೇ ವರ್ಷದ ಕೊನೆಯ ಹೊತ್ತಿಗೆ. ಇಪ್ಪತ್ತು ವರ್ಷಕ್ಕೆ ಒಟ್ಟು ಕಟ್ಟುವುದು 62 ಲಕ್ಷದ 48 ಸಾವಿರ. ಮೂವತ್ತು ಲಕ್ಷ ಸಾಲಕ್ಕೆ ಮೂವತ್ತೆರಡೂವರೆ ಲಕ್ಷದಷ್ಟು ಬಡ್ಡಿ.

ಈಗ ಇದೇ ಸಾಲಕ್ಕೆ ತಿಂಗಳಿಗೆ 2,000 ರೂಪಾಯಿ ಸೇರಿಸಿ ಕಟ್ಟಿ ನೋಡಿ. ನಿಮ್ಮ ಜೇಬಿನಿಂದ ಹೋಗುವ ಹಣ ಶೇ. 8ರಷ್ಟೂ ಹೆಚ್ಚಲಿಲ್ಲ. ಆದರೆ ಆ ತಿಂಗಳ ಬಡ್ಡಿ ಮೊದಲೇ ಸಂದಾಯವಾಗಿರುವುದರಿಂದ ಎರಡು ಸಾವಿರವೂ ನೇರವಾಗಿ ಅಸಲಿಗೆ ಜಮೆಯಾಗುತ್ತದೆ. ಮೊದಲ ತಿಂಗಳು ಅಸಲಿಗೆ ಹೋಗುತ್ತಿದ್ದ 4,785 ರೂಪಾಯಿ 6,785 ಆಗುತ್ತದೆ, ಅಂದರೆ ಶೇ. 40ಕ್ಕೂ ಮಿಗಿಲಾದ ಹೆಚ್ಚಳ. ಸಣ್ಣ ಮೊತ್ತದ ಶಕ್ತಿ ಇರುವುದು ಇಲ್ಲಿ. ಇಡೀ ಕಂತಿನ ಮುಂದೆ ಅದು ಚಿಕ್ಕದು, ಆದರೆ ಕಂತಿನೊಳಗಿನ ಅಸಲಿನ ಪಾಲಿನ ಮುಂದೆ ಚಿಕ್ಕದಲ್ಲ. ಹೀಗೆ ಕಟ್ಟುತ್ತ ಹೋದರೆ 240 ತಿಂಗಳ ಸಾಲ ಸುಮಾರು 201 ತಿಂಗಳಲ್ಲಿ ಮುಗಿಯುತ್ತದೆ, ಮೂರು ಕಾಲು ವರ್ಷ ಮೊದಲೇ. ಒಟ್ಟು ಕಟ್ಟುವ ಹಣ 62 ಲಕ್ಷದ 48 ಸಾವಿರದಿಂದ 56 ಲಕ್ಷದ 35 ಸಾವಿರಕ್ಕೆ ಇಳಿಯುತ್ತದೆ. ಹೆಚ್ಚುವರಿಯಾಗಿ ಕಟ್ಟಿದ ನಾಲ್ಕು ಲಕ್ಷವೂ ಇದರೊಳಗೇ ಸೇರಿದೆ. ಅಷ್ಟಾದ ಮೇಲೂ ಆರು ಲಕ್ಷಕ್ಕಿಂತ ಹೆಚ್ಚು ಬಡ್ಡಿ ಉಳಿಯಿತು.

ಹನಿಗೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ಅರ್ಧ ಮಾತ್ರ ನಿಜ. ಹನಿ ಯಾವಾಗ ಬಿತ್ತು ಎಂಬುದು ಹಳ್ಳಕ್ಕೆ ಮುಖ್ಯವಲ್ಲ, ಸಾಲಕ್ಕೆ ಅದೇ ಮುಖ್ಯ. ಅದೇ ಎರಡು ಸಾವಿರವನ್ನು ಹತ್ತು ವರ್ಷ ಸುಮ್ಮನಿದ್ದು ಆಮೇಲೆ ಕಟ್ಟಲು ತೊಡಗಿದರೆ ಕಡಿಮೆಯಾಗುವುದು ಸುಮಾರು 13 ತಿಂಗಳು, ಉಳಿಯುವ ಬಡ್ಡಿ ಒಂದು ಲಕ್ಷದ ಇಪ್ಪತ್ತು ಸಾವಿರದ ಆಸುಪಾಸು. ಮೊತ್ತ ಅದೇ, ಶಿಸ್ತು ಅದೇ, ಫಲ ಮಾತ್ರ ಐದನೇ ಒಂದು ಭಾಗ. ‘ನಿವೃತ್ತಿಯ ಹಣ ಬಂದಾಗ ಒಟ್ಟಿಗೇ ತೀರಿಸಿದರಾಯಿತು’ ಎನ್ನುವವರಿಗೂ ಇದೇ ಉತ್ತರ. ಮೊದಲ ವರ್ಷದ ಕೊನೆಗೆ ಒಂದು ಲಕ್ಷ ರೂಪಾಯಿ ಹೆಚ್ಚಾಗಿ ಕಟ್ಟಿದರೆ ಇಡೀ ಅವಧಿಯಲ್ಲಿ ಸುಮಾರು 3 ಲಕ್ಷದ 70 ಸಾವಿರ ಬಡ್ಡಿ ಉಳಿಯುತ್ತದೆ; ಅದೇ ಲಕ್ಷವನ್ನು ಹದಿನೈದನೇ ವರ್ಷದ ಕೊನೆಗೆ ಕಟ್ಟಿದರೆ ಉಳಿಯುವುದು 50 ಸಾವಿರದಷ್ಟು. ದೊಡ್ಡ ಹಣ ಕೈಗೆ ಬರುವ ಹೊತ್ತಿಗೆ ದೊಡ್ಡ ಬಡ್ಡಿ ಆಗಲೇ ಸಂದಾಯವಾಗಿರುತ್ತದೆ. ಹಾಗಾಗಿಯೇ ಮುಂದೆಂದೋ ಬರಲಿರುವ ದೊಡ್ಡ ಮೊತ್ತಕ್ಕೆ ಕಾಯುವುದಕ್ಕಿಂತ ಇವತ್ತು ಕೈಯಲ್ಲಿರುವ ಸಣ್ಣ ಮೊತ್ತ ಕಟ್ಟುವುದೇ ಮೇಲು.

ಸಣ್ಣದಾದರೂ ಆ ಹಣ ಬರುವುದೆಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದು. ಮನೆ ಸಾಲದ ಮೊದಲ ವರ್ಷಗಳೇ ಸಾಮಾನ್ಯವಾಗಿ ಕೈ ಬಿಗಿಯಾದ ವರ್ಷಗಳು. ಆದರೆ ಸಂಬಳ ಅಲ್ಲೇ ನಿಲ್ಲುವುದಿಲ್ಲ. ತುಟ್ಟಿಭತ್ಯೆ, ವಾರ್ಷಿಕ ಬಡ್ತಿ ಸೇರಿ ಒಂದಿಷ್ಟು ಏರುತ್ತದೆ. ಏರಿದಷ್ಟನ್ನೂ ಸಾಲಕ್ಕೆ ಸುರಿಯಿರಿ ಎಂದು ಹೇಳುತ್ತಿಲ್ಲ. ಪ್ರತಿ ವರ್ಷ ಕಂತನ್ನು ಶೇ. 5ರಷ್ಟು ಮಾತ್ರ ಏರಿಸುತ್ತ ಹೋದರೆ, ಅಂದರೆ ಎರಡನೇ ವರ್ಷ ತಿಂಗಳಿಗೆ 1,300 ರೂಪಾಯಿ ಜಾಸ್ತಿ ಕಟ್ಟಿ ಅದೇ ಜಾಡಿನಲ್ಲಿ ಮುಂದುವರಿದರೆ, ನಾವು ಹಿಡಿದಿರುವ ಸಾಲ ಹನ್ನೆರಡು ವರ್ಷ ದಾಟಿ ಕೆಲವೇ ತಿಂಗಳಲ್ಲಿ ಮುಗಿದುಹೋಗುತ್ತದೆ. ಇಷ್ಟೂ ಆಗದವರು ವರ್ಷಕ್ಕೊಂದು ಕಂತು ಹೆಚ್ಚು ಕಟ್ಟಬಹುದು, ಬೋನಸ್ ಬಂದ ತಿಂಗಳು ಅದಕ್ಕೆ ಅನುಕೂಲ. ಅದರಿಂದಲೂ ಮೂರು ವರ್ಷಕ್ಕಿಂತ ಹೆಚ್ಚು ಅವಧಿ ತಗ್ಗುತ್ತದೆ. ಇನ್ನೊಂದು ದಾರಿಯಲ್ಲಿ ಹೊಸದಾಗಿ ಒಂದು ರೂಪಾಯಿಯನ್ನೂ ಹೊಂದಿಸಬೇಕಿಲ್ಲ. 2025ರ ಫೆಬ್ರವರಿಯಿಂದ ಜೂನ್‌ವರೆಗೆ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ದರವನ್ನು, ಅಂದರೆ ರೆಪೋ ದರವನ್ನು, ಶೇ. 6.5ರಿಂದ 5.5ಕ್ಕೆ ಇಳಿಸಿತು. ರೆಪೋಗೆ ಜೋಡಿಸಿದ, ಈಚೆಗಷ್ಟೇ ಪಡೆದ ಸಾಲದ ಬಡ್ಡಿ ಹೀಗೆ ಶೇ. 9ರಿಂದ 8ಕ್ಕೆ ಇಳಿದರೆ ಮೂವತ್ತು ಲಕ್ಷಕ್ಕೆ ಕಂತು ಸುಮಾರು 1,900 ರೂಪಾಯಿ ಕಡಿಮೆಯಾಗಬಹುದು. ಹಾಗೆ ಕಡಿಮೆ ಮಾಡಿಸಿಕೊಳ್ಳದೆ ಹಳೆಯ ಕಂತನ್ನೇ ಕಟ್ಟುತ್ತ ಹೋಗುವುದೂ ಹೆಚ್ಚುವರಿ ಪಾವತಿಯೇ, ಅದೂ ಮನೆಯ ಖರ್ಚಿಗೆ ಗೊತ್ತೇ ಆಗದಂತೆ.

ಬಡ್ಡಿ ಇಳಿಯುವಂತೆ ಏರುತ್ತದೆ ಕೂಡ, ಮತ್ತು ಹೆಚ್ಚುವರಿ ಪಾವತಿಯ ನಿಜವಾದ ಬೆಲೆ ಗೊತ್ತಾಗುವುದು ಆಗಲೇ. 2020ರ ಮೇ ತಿಂಗಳಿಂದ ಎರಡು ವರ್ಷ ಶೇ. 4ರಲ್ಲಿ ನಿಂತಿದ್ದ ರೆಪೋ ದರ 2022ರ ಮೇ ಮತ್ತು 2023ರ ಫೆಬ್ರವರಿ ನಡುವೆ ಶೇ. 6.5ಕ್ಕೆ ಏರಿತು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಚಲ ಬಡ್ಡಿಯ ಹೊಸ ಗೃಹಸಾಲಗಳನ್ನು ರೆಪೋ ದರದಂಥ ಹೊರಗಿನ ಮಾನದಂಡಕ್ಕೆ ಜೋಡಿಸಬೇಕಾಗಿದ್ದರಿಂದ ಈ ಏರಿಕೆ ಸಾಲಗಾರರಿಗೆ ಪೂರ್ತಿಯಾಗಿಯೇ ಮುಟ್ಟಿತು. ಆಗ ಬಹಳಷ್ಟು ಖಾತೆಗಳಲ್ಲಿ ಕಂತು ಹಾಗೇ ಉಳಿದು ಅವಧಿ ಉದ್ದವಾಯಿತು. ಎಷ್ಟು ಉದ್ದವಾಗಬಹುದು ಎಂಬುದಕ್ಕೆ ಒಂದು ಲೆಕ್ಕ ಕೇಳಿ. ಶೇ. 6.75 ಬಡ್ಡಿಗೆ ಮೂವತ್ತು ಲಕ್ಷವನ್ನು 20 ವರ್ಷಕ್ಕೆ ಪಡೆದವರ ಕಂತು 22,811 ರೂಪಾಯಿ. ಎರಡು ವರ್ಷ ಕಟ್ಟಿದ ಮೇಲೆ ಬಡ್ಡಿ ಒಮ್ಮೆಗೇ ಶೇ. 9.25 ಆಯಿತೆಂದು ಸರಳವಾಗಿ ಭಾವಿಸೋಣ. ಆ ತಿಂಗಳ ಬಡ್ಡಿಯೇ 21,950 ರೂಪಾಯಿ ದಾಟುತ್ತದೆ. ಅಸಲಿಗೆ ಉಳಿಯುವುದು ಒಂಬೈನೂರು ರೂಪಾಯಿಗಿಂತ ಕಡಿಮೆ. ಕಂತು ಬದಲಾಗದಿದ್ದರೆ ಉಳಿದಿದ್ದ 18 ವರ್ಷ 35 ವರ್ಷಕ್ಕೂ ಮೀರಿ ಹಿಗ್ಗುತ್ತದೆ. ಮೊದಲ ತಿಂಗಳಿಂದಲೇ 3,000 ರೂಪಾಯಿ ಸೇರಿಸಿ ಕಟ್ಟುತ್ತಿದ್ದವರಿಗೆ, ಅದನ್ನೇ ಮುಂದುವರಿಸಿದರೆ, ಅದೇ ಏರಿಕೆಯ ನಂತರವೂ ಬಾಕಿ ಉಳಿಯುವುದು 19 ವರ್ಷ. ಕಂತಿನ ಮೇಲಿನ ಒಂದಿಷ್ಟು ಹಣ ಒಳ್ಳೆಯ ಕಾಲದಲ್ಲಿ ಉಳಿತಾಯ, ಕೆಟ್ಟ ಕಾಲದಲ್ಲಿ ರಕ್ಷಣೆ.

ಮೊದಲೇ ಕಟ್ಟಿದರೆ ಬ್ಯಾಂಕ್ ದಂಡ ಹಾಕುತ್ತದೆ ಎಂಬ ಹೆದರಿಕೆ ಇನ್ನೂ ಕೆಲವರಲ್ಲಿದೆ. ಒಂದು ಕಾಲದಲ್ಲಿ ಅದು ನಿಜವಿತ್ತು. 2012ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್, ಚಲ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸುವವರಿಂದ ಬ್ಯಾಂಕುಗಳು ಶುಲ್ಕ ವಸೂಲಿ ಮಾಡಬಾರದೆಂದು ಹೇಳಿತು. 2025ರ ಜುಲೈನಲ್ಲಿ ಹೊರಡಿಸಿದ ನಿರ್ದೇಶನಗಳು ಇದನ್ನು ಇನ್ನಷ್ಟು ಖಚಿತಗೊಳಿಸಿವೆ: 2026ರ ಜನವರಿ 1ರಿಂದ ಮಂಜೂರಾಗುವ ಅಥವಾ ನವೀಕರಣಗೊಳ್ಳುವ, ವ್ಯಕ್ತಿಗಳು ವ್ಯಾಪಾರೇತರ ಉದ್ದೇಶಕ್ಕೆ ಪಡೆದ ಚಲ ಬಡ್ಡಿಯ ಸಾಲಗಳಿಗೆ, ಹಣ ಎಲ್ಲಿಂದ ತಂದು ಕಟ್ಟಿದರೂ, ಪೂರ್ತಿ ಕಟ್ಟಿದರೂ ಭಾಗಶಃ ಕಟ್ಟಿದರೂ, ಮುಂಗಡ ಪಾವತಿ ಶುಲ್ಕ ಇಲ್ಲ. ಸ್ಥಿರ ಬಡ್ಡಿಯ ಸಾಲಕ್ಕೆ ಮಾತ್ರ ಶುಲ್ಕ ಇರಬಹುದು. ಕರಾರು ಪತ್ರ ಓದಿ ಮುಂದುವರಿಯುವುದು ಕ್ಷೇಮ.

ಇನ್ನು ಆಕ್ಷೇಪಗಳು. ಮೊದಲನೆಯದು ಹೂಡಿಕೆಯನ್ನು ಬಲ್ಲವರದು: ಆ ಎರಡು ಸಾವಿರವನ್ನು ಮ್ಯೂಚುವಲ್ ಫಂಡಿನ ಎಸ್‌ಐಪಿಗೆ ಹಾಕಿದರೆ ಶೇ. 12 ಬರಬಹುದು, ಶೇ. 8.5ರ ಸಾಲ ತೀರಿಸುವುದು ನಷ್ಟವಲ್ಲವೇ? ಹೋಲಿಕೆ ಸರಿಯಾಗಿರಬೇಕಾದರೆ ಒಂದೇ ಜಾತಿಯ ಎರಡನ್ನು ಎದುರುಬದುರು ಇಡಬೇಕು. ಸಾಲ ತೀರಿಸಿದ ರೂಪಾಯಿ ಉಳಿಸುವ ಶೇ. 8.5 ಖಚಿತವಾದದ್ದು, ಅದಕ್ಕೆ ತೆರಿಗೆಯಿಲ್ಲ, ಮಾರುಕಟ್ಟೆಯ ಏರಿಳಿತ ಅದನ್ನು ಮುಟ್ಟುವುದಿಲ್ಲ. ಅಷ್ಟೇ ಖಚಿತವಾದ ಇತರ ದಾರಿಗಳನ್ನು ನೋಡಿ. ಶೇ. 7ರ ನಿಶ್ಚಿತ ಠೇವಣಿ, ಶೇ. 30ರ ತೆರಿಗೆ ಹಂತದಲ್ಲಿರುವವರಿಗೆ ಕೊನೆಗೆ ಕೊಡುವುದು ಶೇ. 5ಕ್ಕಿಂತ ಕಡಿಮೆ. ಪಿಪಿಎಫ್ ಬಡ್ಡಿ 2020ರ ಏಪ್ರಿಲ್‌ನಿಂದ ಶೇ. 7.1ರಲ್ಲಿ ನಿಂತಿದೆ, ತೆರಿಗೆ ಇಲ್ಲ, ಆದರೆ ಹದಿನೈದು ವರ್ಷದ ಕಟ್ಟು. ಷೇರು ಮಾರುಕಟ್ಟೆ ದೀರ್ಘಕಾಲದಲ್ಲಿ ಇವೆಲ್ಲಕ್ಕಿಂತ ಹೆಚ್ಚು ಕೊಡಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ 2008ರ ಜನವರಿಯಲ್ಲಿ 21 ಸಾವಿರ ಮುಟ್ಟಿದ್ದ ಸೆನ್ಸೆಕ್ಸ್ ಅದೇ ಅಕ್ಟೋಬರ್‌ನಲ್ಲಿ 9 ಸಾವಿರಕ್ಕಿಂತ ಕೆಳಗಿತ್ತು. ಇಂಥ ಕುಸಿತದಲ್ಲಿ ಹೂಡಿಕೆಯನ್ನು ಮುಟ್ಟದೆ ಕಾದವರಿಗೆ ಲಾಭ ಮರಳಿ ಬಂತು. ಆದರೆ ಮಾರುಕಟ್ಟೆ ಬೀಳುವ ಕಾಲವೇ ಕೆಲಸ ಹೋಗುವ ಕಾಲವೂ ಆಗುವುದುಂಟು, ಕಂತು ಮಾತ್ರ ನಿಲ್ಲುವುದಿಲ್ಲ. ಎಸ್‌ಐಪಿ ಬಿಟ್ಟುಬಿಡಿ ಎಂದಲ್ಲ. ಠೇವಣಿಗೆ ಹೋಗುವ ಹಣವನ್ನು ಸಾಲದ ಕಡೆ ತಿರುಗಿಸಿ, ಮಾರುಕಟ್ಟೆಗೆ ಹೋಗುವ ಹಣ ಅಲ್ಲೇ ಇರಲಿ. ಉಳಿತಾಯದಲ್ಲಿ ಒಂದು ಭಾಗ ಭದ್ರವಾಗಿರಬೇಕು ಎನ್ನುವುದಾದರೆ ಸಾಲದ ಅಸಲೇ ಆ ಭದ್ರ ಭಾಗ.

ಎರಡನೆಯ ಆಕ್ಷೇಪ ತೆರಿಗೆಯದು. ಗೃಹಸಾಲದ ಬಡ್ಡಿಗೆ ವಿನಾಯಿತಿ ಇದೆ, ಬೇಗ ತೀರಿಸಿದರೆ ಅದು ಹೋಗುತ್ತದೆ ಎನ್ನುತ್ತಾರೆ. 2023–24ನೇ ಸಾಲಿನಿಂದ ತಾನಾಗಿ ಅನ್ವಯವಾಗುವ ಹೊಸ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ಈ ಕಡಿತವೇ ಇಲ್ಲ. ಆ ಪದ್ಧತಿಯಲ್ಲಿರುವವರ ಮಟ್ಟಿಗೆ ವಾದ ಇಲ್ಲಿಗೇ ಮುಗಿಯಿತು. ಹಳೆಯ ಪದ್ಧತಿಯಲ್ಲಿ ಉಳಿದವರಿಗೆ ವರ್ಷಕ್ಕೆ ಎರಡು ಲಕ್ಷದವರೆಗಿನ ಬಡ್ಡಿ ಆದಾಯದಿಂದ ಕಳೆಯುತ್ತದೆ. ನಮ್ಮ ಉದಾಹರಣೆಯ ಸಾಲದಲ್ಲಿ ಮೊದಲ ವರ್ಷದ ಬಡ್ಡಿ ಎರಡೂವರೆ ಲಕ್ಷ. ಅದು ಎರಡು ಲಕ್ಷಕ್ಕಿಂತ ಕೆಳಗಿಳಿಯುವುದು ಒಂಬತ್ತನೇ ವರ್ಷದಲ್ಲಿ. ಅಲ್ಲಿಯವರೆಗೆ ಮಿತಿ ಮೀರಿದ ಬಡ್ಡಿಗೆ ವಿನಾಯಿತಿಯೇ ಸಿಗುತ್ತಿಲ್ಲ, ಹೆಚ್ಚುವರಿ ಪಾವತಿ ಮೊದಲು ಕತ್ತರಿಸುವುದು ಆ ಭಾಗವನ್ನೇ. ಸಾಲ ಚಿಕ್ಕದಿದ್ದು, ಅಥವಾ ದಂಪತಿ ಇಬ್ಬರೂ ಸಹ-ಸಾಲಗಾರರಾಗಿ ತಲಾ ವಿನಾಯಿತಿ ಪಡೆಯುತ್ತಿದ್ದು, ಇಬ್ಬರೂ ಮೇಲಿನ ತೆರಿಗೆ ಹಂತದಲ್ಲಿದ್ದರೆ ಮಾತ್ರ ಶೇ. 8.5ರ ಸಾಲ ಅವರಿಗೆ ಶೇ. 6ರಂತೆ ಬೀಳುತ್ತದೆ, ಅವರ ಮಟ್ಟಿಗೆ ನನ್ನ ವಾದದ ಬಿಗಿ ಸಡಿಲಾಗುತ್ತದೆ ಎಂದು ಒಪ್ಪಿಕೊಳ್ಳಲೇಬೇಕು. ಆದರೆ ತೆರಿಗೆ ಉಳಿಸಲೆಂದೇ ಬಡ್ಡಿ ಕಟ್ಟುವುದು ಮೂವತ್ತು ಪೈಸೆಗಾಗಿ ಒಂದು ರೂಪಾಯಿ ಖರ್ಚು ಮಾಡಿದಂತೆಯೇ ಸರಿ.

ಮೂರನೆಯದು ಬೆಲೆಯೇರಿಕೆಯ ಮಾತು: ಇವತ್ತು ಭಾರವೆನಿಸುವ 26 ಸಾವಿರ ಹತ್ತು ವರ್ಷದ ಮೇಲೆ ಹಗುರ, ರೂಪಾಯಿಯ ಬೆಲೆ ಇಳಿಯುತ್ತಿರುವಾಗ ಅವಸರವೇಕೆ? ಸ್ಥಿರ ಬಡ್ಡಿಯ ಸಾಲವಾಗಿದ್ದರೆ ಈ ಮಾತಿಗೆ ಬಲವಿತ್ತು. ನಮ್ಮಲ್ಲಿ ಬ್ಯಾಂಕಿನ ಗೃಹಸಾಲ ಹೆಚ್ಚಾಗಿ ಚಲ ಬಡ್ಡಿಯದು. ಬೆಲೆಯೇರಿಕೆ ಹೆಚ್ಚಿದರೆ ಅದನ್ನು ಶೇ. 4ರ ಗುರಿಯ ಹತ್ತಿರಕ್ಕೆ ತರಲು ರಿಸರ್ವ್ ಬ್ಯಾಂಕ್ ರೆಪೋ ಏರಿಸುತ್ತದೆ, ಅದರ ಹಿಂದೆಯೇ ನಮ್ಮ ಬಡ್ಡಿಯೂ ಏರುತ್ತದೆ. 2022ರಲ್ಲಿ ಆದದ್ದು ಇದೇ. ಇನ್ನು ಕಂತು ವರ್ಷ ಕಳೆದಂತೆ ಹಗುರವಾಗುತ್ತದೆ ಎಂಬುದು ನಿಜವೇ. ಹಾಗೆ ಹಗುರವಾದ ಕಂತನ್ನು ಹಾಗೇ ಬಿಡದೆ ಒಂದಿಷ್ಟು ಏರಿಸಲು ಅದೇ ಒಳ್ಳೆಯ ಕಾರಣ.

ನಾಲ್ಕನೆಯ ಆಕ್ಷೇಪ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ತೂಕದ್ದು. ಸಾಲಕ್ಕೆ ಕಟ್ಟಿದ ಹಣ ಮರಳಿ ಕೈಗೆ ಬರುವುದಿಲ್ಲ. ಕಾಯಿಲೆ ಬಂದರೆ, ಕೆಲಸ ಹೋದರೆ, ‘ಕಳೆದ ವರ್ಷ ಎರಡು ಲಕ್ಷ ಹೆಚ್ಚು ಕಟ್ಟಿದ್ದೆ, ಅದರಲ್ಲಿ ಒಂದು ಲಕ್ಷ ಕೊಡಿ’ ಎಂದು ಕೇಳಲಾಗದು. ಆದ್ದರಿಂದ ಕ್ರಮ ಮುಖ್ಯ. ಕಂತೂ ಸೇರಿದಂತೆ ಆರು ತಿಂಗಳ ಮನೆಖರ್ಚಿನಷ್ಟು ಆಪದ್ಧನ ಮೊದಲು. ಕುಟುಂಬಕ್ಕೆ ಆರೋಗ್ಯ ವಿಮೆ, ದುಡಿಯುವವರ ಹೆಸರಿನಲ್ಲಿ ಸಾಲದ ಮೊತ್ತಕ್ಕೆ ಕಡಿಮೆಯಿಲ್ಲದ ಟರ್ಮ್ ವಿಮೆ ಆಮೇಲೆ. ವರ್ಷಕ್ಕೆ ಶೇ. 36ರಿಂದ 42ರವರೆಗೆ ಬೀಳುವ ಕ್ರೆಡಿಟ್ ಕಾರ್ಡ್ ಬಾಕಿ, ವೈಯಕ್ತಿಕ ಸಾಲ, ಕೈಸಾಲ ಇದ್ದರೆ ಮನೆ ಸಾಲಕ್ಕಿಂತ ಮೊದಲು ಅವು ತೀರಬೇಕು. ದುಬಾರಿ ಸಾಲ ಇಟ್ಟುಕೊಂಡು ಅಗ್ಗದ ಸಾಲ ತೀರಿಸುವುದರಲ್ಲಿ ಜಾಣತನವಿಲ್ಲ. ಇವೆಲ್ಲ ಆದ ಮೇಲೂ ಕೈಗೆ ಹಣ ಸಿಗುವಂತಿರಬೇಕು ಎನ್ನುವವರಿಗೆ ಕೆಲವು ಬ್ಯಾಂಕುಗಳಲ್ಲಿ ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲ ಇದೆ. ಅದರ ಖಾತೆಯಲ್ಲಿಟ್ಟ ಹೆಚ್ಚುವರಿ ಹಣದಷ್ಟಕ್ಕೆ ಬಡ್ಡಿ ಬೀಳುವುದಿಲ್ಲ, ಬೇಕಾದಾಗ ತೆಗೆಯಲೂಬಹುದು. ಬಡ್ಡಿ ದರ ಸಾಮಾನ್ಯವಾಗಿ ಒಂದಿಷ್ಟು ಹೆಚ್ಚಿರುತ್ತದೆ. ಸಾಕಷ್ಟು ಹಣ ಅಲ್ಲಿ ನಿಲ್ಲುತ್ತದೆ ಎನ್ನುವವರಿಗೆ ಮಾತ್ರ ಅದು ಲಾಭ.

ಕೊನೆಯದಾಗಿ ನಡೆಸುವ ಬಗೆ. ಹೆಚ್ಚುವರಿ ಹಣ ಕಟ್ಟುವಾಗ ಅದನ್ನು ‘ಭಾಗಶಃ ಮುಂಗಡ ಪಾವತಿ’ ಎಂದು ಅಸಲಿಗೇ ಜಮೆ ಮಾಡಬೇಕೆಂದು ಬರಹದಲ್ಲಿ ಅಥವಾ ಆಪ್‌ನಲ್ಲಿ ಸ್ಪಷ್ಟಪಡಿಸಿ. ಇಲ್ಲವಾದರೆ ಅದು ಮುಂದಿನ ತಿಂಗಳ ಕಂತೆಂದು ಸುಮ್ಮನೆ ಕೂತಿರಬಹುದು. ‘ಕಂತು ಇಳಿಸೋಣವೇ, ಅವಧಿ ಇಳಿಸೋಣವೇ’ ಎಂದು ಕೇಳಿದರೆ ಅವಧಿ ಎನ್ನಿ. ಕಂತು ಇಳಿಸಿಕೊಂಡರೆ ಸಾಲ ಅದೇ ಗಡುವಿನವರೆಗೆ ಎಳೆಯುತ್ತದೆ, ಉಳಿತಾಯದ ಬಹುಪಾಲು ಸೋರಿಹೋಗುತ್ತದೆ. ಸಣ್ಣ ಮೊತ್ತವನ್ನು ಪ್ರತಿ ತಿಂಗಳು ಸ್ವೀಕರಿಸದ ಸಂಸ್ಥೆಗಳೂ ಇವೆ. ಅಂಥಲ್ಲಿ ಆರ್‌ಡಿ ತೆರೆದು ಕೂಡಿಸಿ, ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಕಟ್ಟಿದರೂ ಫಲದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ ಸುತ್ತೋಲೆಯ ಪ್ರಕಾರ, ಈವರೆಗೆ ಸಂದ ಅಸಲು ಮತ್ತು ಬಡ್ಡಿ, ಉಳಿದ ಕಂತುಗಳ ಸಂಖ್ಯೆ, ವಾರ್ಷಿಕ ಬಡ್ಡಿ ದರ ಇವನ್ನು ತಿಳಿಸುವ ವಿವರ ಪ್ರತಿ ಮೂರು ತಿಂಗಳಿಗೆ ಸಾಲಗಾರರಿಗೆ ಸಿಗಬೇಕು. ಅದನ್ನು ತೆರೆದು ಉಳಿದ ಕಂತುಗಳ ಸಂಖ್ಯೆ ಇಳಿದಿದೆಯೇ ಎಂದು ನೋಡುವುದು ಸಾಲಗಾರರ ಕೆಲಸ. ಸಾಲ ಪೂರ್ತಿ ತೀರಿದ ಮೇಲೆ ಮೂಲ ಪತ್ರಗಳನ್ನು 30 ದಿನದೊಳಗೆ ಹಿಂತಿರುಗಿಸಬೇಕು. ತನ್ನ ಕಾರಣದಿಂದ ತಡವಾದರೆ ಸಾಲ ಕೊಟ್ಟ ಸಂಸ್ಥೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಪತ್ರ ಕೈಗೆ ಬಂದಷ್ಟಕ್ಕೇ ಕೆಲಸ ಮುಗಿಯದು. ಹಕ್ಕುಪತ್ರಗಳ ಠೇವಣಿಯನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದ್ದರೆ ಅದರ ಬಿಡುಗಡೆಯೂ ನೋಂದಣಿಯಾಗಬೇಕು. ಆಮೇಲೆ ಕರ್ನಾಟಕದ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಹೊಸ ಋಣಭಾರ ಪತ್ರ ತೆಗೆದು ಆ ಬಿಡುಗಡೆ ದಾಖಲಾಗಿದೆಯೇ ಎಂದು ಖಾತ್ರಿಪಡಿಸಿಕೊಳ್ಳಬೇಕು.

ಇಷ್ಟೆಲ್ಲ ಹೇಳಿದ ಮೇಲೆ ವಾದದ ತಿರುಳು ಚಿಕ್ಕದು. ಸಾಲದ ಮೇಲೆ ನಮ್ಮ ಕೈಯಲ್ಲಿರುವ ಹಿಡಿತ ಬಹಳ ಕಡಿಮೆ. ರೆಪೋ ದರ ನಮ್ಮನ್ನು ಕೇಳಿ ಬದಲಾಗುವುದಿಲ್ಲ, ಷೇರು ಪೇಟೆ ನಮ್ಮ ಮಾತು ಕೇಳುವುದಿಲ್ಲ, ತೆರಿಗೆ ನಿಯಮ ಬಜೆಟ್ಟಿನಿಂದ ಬಜೆಟ್ಟಿಗೆ ಬೇರೆಯಾಗುತ್ತದೆ. ಅಸಲು ಎಷ್ಟು ಬೇಗ ಕರಗಬೇಕು ಎಂಬುದೊಂದೇ ನಾವು ನಿರ್ಧರಿಸಬಹುದಾದದ್ದು. ಅದಕ್ಕೆ ಬೇಕಾದದ್ದು ದೊಡ್ಡ ಹಣವಲ್ಲ, ಬೇಗ ಮಾಡುವ ಆರಂಭ. ಸಾಲ ಪಡೆದು ಒಂದೆರಡು ವರ್ಷವಷ್ಟೇ ಆಗಿರುವವರು ಈ ತಿಂಗಳೇ ಬಾಕಿ ಅಸಲು ಎಷ್ಟೆಂದು ನೋಡಿ, ಆಪದ್ಧನಕ್ಕೆ ಕೈಹಾಕದೆ ಎಷ್ಟು ಸೇರಿಸಿ ಕಟ್ಟಬಹುದೆಂದು ಮನೆಯವರೊಂದಿಗೆ ಕೂತು ನಿರ್ಧರಿಸಿ; ಐನೂರಾದರೂ ಸರಿ. ಹದಿನೈದು ವರ್ಷ ಕಟ್ಟಿದವರು ಅವಸರಪಡಬೇಕಿಲ್ಲ. ಅವರ ಬಡ್ಡಿಯ ಹೆಚ್ಚಿನ ಭಾಗ ಆಗಲೇ ಸಂದಿದೆ. ಅವರ ಹಣ ನಿವೃತ್ತಿಯ ಉಳಿತಾಯಕ್ಕೆ ಹೋದರೆ ಹೆಚ್ಚು ಉಪಯೋಗ.